ಕರೆಂಟ್ ಇಲ್ಲ, ರಸ್ತೆ ಬಂದ್: ಮಳೆಗಾಲಕ್ಕೆ ಮೊದಲು ಮನೆಗೆ ಯಾವುದು ತರಬೇಕು, ಯಾವುದು ಬೇಡ

2019ರ ಆಗಸ್ಟ್. ಆಶ್ಲೇಷ ಮಳೆ. ಕಳಸದಿಂದ ಆಚೆ ಇರುವ ನಮ್ಮ ಮನೆಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ ಕವಿದಿತ್ತು. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತ್ತು. ಅತ್ತ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಅನ್ನಕ್ಕಿಟ್ಟ ಕುಕ್ಕರ್ ಇನ್ನೂ ಕೂಗಿರಲಿಲ್ಲ, ಗ್ಯಾಸ್ ಉರಿ ಸಣ್ಣದಾಗುತ್ತಾ ಬಂದು ಆರಿಯೇ ಹೋಯಿತು. ಇನ್ನೊಂದು ಸಿಲಿಂಡರ್ ಇದೆಯಲ್ಲ ಎಂದು ಎತ್ತಲು ಹೋದೆ, ಅದು ಒಂದೇ ಕೈಗೆ ಬಂತು. ಮೇ ತಿಂಗಳಲ್ಲಿ ನೆಂಟರ ಮದುವೆಗೆ ಕೊಟ್ಟಿದ್ದೆವು. ಖಾಲಿ ವಾಪಸ್ ಬಂದದ್ದನ್ನು ಯಾರೂ ತುಂಬಿಸಿರಲಿಲ್ಲ. ಪಕ್ಕದಲ್ಲೇ ಇಂಡಕ್ಷನ್ ಒಲೆ ಇತ್ತು. ಗ್ಯಾಸ್ ಮುಗಿದರೆ ಇರಲಿ ಎಂದು ತಂದದ್ದು. ಕರೆಂಟೇ ಇಲ್ಲದ ಮೇಲೆ ಅದು ಬರೀ ಗಾಜಿನ ಹಲಗೆ.

ಆ ಸಲ ಆರು ದಿನ ಹಾಗೇ ಕಳೆದೆವು. ಅತ್ತೆಯ ಸೌದೆ ಒಲೆ ನಮ್ಮನ್ನು ಕಾಪಾಡಿತು. ಅಲ್ಲಿಂದ ಮುಂದೆ ಪ್ರತಿ ಮೇ ತಿಂಗಳಲ್ಲೂ ಮನೆಯ ಒಂದೊಂದು ವಸ್ತುವಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದನ್ನು ಯಾವ ಗೂಟಕ್ಕೆ ಕಟ್ಟಿದೆ?

ನಮ್ಮ ದಿನದ ಬದುಕು ಮೂರು ಗೂಟಕ್ಕೆ ಕಟ್ಟಿಕೊಂಡಿದೆ. ಒಂದು ಕರೆಂಟಿನ ತಂತಿ. ಇನ್ನೊಂದು ರಸ್ತೆ. ಮತ್ತೊಂದು ಮೊಬೈಲ್ ಟವರ್. ಇಂಡಕ್ಷನ್ ತಂತಿಯ ಗೂಟದ್ದು, ಸಿಲಿಂಡರ್ ರಸ್ತೆಯದ್ದು. ಮಲೆನಾಡಿನ ಮಳೆಯಲ್ಲಿ ಮರ ಬಿದ್ದರೆ ತಂತಿಯೂ ಹೋಗುತ್ತದೆ, ರಸ್ತೆಯೂ ಹೋಗುತ್ತದೆ. ಎರಡು ದಿನದಲ್ಲಿ ಬ್ಯಾಟರಿ ಇಳಿದು ಟವರ್ ಕೂಡ ಸುಮ್ಮನಾಗುತ್ತದೆ. ಹಾಗಾಗಿ ಎರಡು ವಸ್ತು ಇದ್ದ ಮಾತ್ರಕ್ಕೆ ಧೈರ್ಯವಾಗಿ ಇರುವಂತಿಲ್ಲ. ಎರಡೂ ಬೇರೆ ಬೇರೆ ಗೂಟದಲ್ಲಿ ಇರಬೇಕು, ಅದರಲ್ಲಿ ಒಂದಾದರೂ ಯಾವ ಗೂಟಕ್ಕೂ ಕಟ್ಟದೆ ಮನೆಯೊಳಗೇ ಇರಬೇಕು.

ಎಲ್ಲ ಕಷ್ಟವೂ ಒಂದೇ ಥರ ಬರುವುದಿಲ್ಲ ಅಲ್ವಾ? 2020ರ ಮಾರ್ಚ್ 25ರಿಂದ 21 ದಿನ ದೇಶಕ್ಕೇ ಬೀಗ ಬಿದ್ದಾಗ ತಂತಿಯಲ್ಲಿ ಕರೆಂಟ್ ಇತ್ತು, ಟವರ್ ಇತ್ತು, ಕೆಟ್ಟದ್ದು ರಸ್ತೆ ಮಾತ್ರ. ಆಗ ಇದೇ ಇಂಡಕ್ಷನ್ ನಮಗೆ ದಿನಾ ಕೆಲಸಕ್ಕೆ ಬಂತು. ಆದ್ದರಿಂದ ಕೆಳಗೆ ಬರೆದ ಹೋಲಿಕೆಯಲ್ಲಿ ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಯಾವ ಕಷ್ಟಕ್ಕೆ ಯಾವುದು ಎನ್ನುವುದನ್ನು ಜಾಸ್ತಿ ನೋಡಿದ್ದೇನೆ.

ಅಡುಗೆಗೆ: ಎರಡನೇ ಸಿಲಿಂಡರೋ, ಇಂಡಕ್ಷನ್ನೋ, ಸೌದೆಯೋ

14.2 ಕೆಜಿಯ ಒಂದು ಸಿಲಿಂಡರ್ ನಾಲ್ಕು ಜನರ ಮನೆಗೆ ಸುಮಾರು ಒಂದು ತಿಂಗಳಿಂದ ಒಂದೂವರೆ ತಿಂಗಳು ಬರುತ್ತದೆ. ತುಂಬಿದ ಎರಡನೆಯದು ಮನೆಯಲ್ಲಿದ್ದರೆ ವಾರಗಟ್ಟಲೆ ರಸ್ತೆ ಮುಚ್ಚಿದರೂ ಅಡುಗೆಗೆ ತೊಂದರೆ ಇಲ್ಲ. ಹೊಗೆ ಇಲ್ಲ, ಮಳೆಯ ಹಂಗಿಲ್ಲ. ಯಾವುದಾದರೂ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಹೇಳುತ್ತೇನೆ. ಒಂದು ಷರತ್ತು ಇದೆ. ಮೊದಲನೆಯದು ಖಾಲಿಯಾದ ದಿನವೇ ಬುಕ್ ಮಾಡಬೇಕು. ನಾಳೆ ಮಾಡೋಣ ಎಂದು ಬಿಟ್ಟರೆ ನಿಮ್ಮ ಬಳಿ ಇರುವುದು ಎರಡು ಸಿಲಿಂಡರ್ ಅಲ್ಲ, ಒಂದೇ. ಬಾಡಿಗೆ ಮನೆಯವರಿಗೆ, ಒಬ್ಬರೇ ಇರುವವರಿಗೆ 5 ಕೆಜಿಯ ಸಣ್ಣ ಸಿಲಿಂಡರ್ ಕೂಡ ಸಾಕು.

ಇಂಡಕ್ಷನ್‌ಗೆ 1,800ರಿಂದ 2,000 ವ್ಯಾಟ್ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಇನ್ವರ್ಟರ್ ಇದೆಯಲ್ಲ ಎಂದು ಅದನ್ನು ನಂಬಿ ಕೂರಬೇಡಿ. ಗ್ಯಾಸ್ ಪೂರೈಕೆ ತಡವಾದಾಗ, ಊರಲ್ಲಿ ಬಂದ್ ಆದಾಗ, ಪೇಟೆಯ ಫ್ಲ್ಯಾಟ್‌ನಲ್ಲಿ ಅದು ಸರಿ. ಗಾಳಿಮಳೆಗೆ ಸರಿಯಲ್ಲ.

ಗೋಬರ್ ಗ್ಯಾಸ್ ಇರುವ ಮನೆಯವರು ಪುಣ್ಯವಂತರು. ಅದು ತಂತಿಗೂ ಸೇರಿಲ್ಲ, ರಸ್ತೆಗೂ ಸೇರಿಲ್ಲ. ಆದರೆ ಚಳಿ ಹೆಚ್ಚಾದಂತೆ ಗುಂಡಿಯೊಳಗೆ ಗ್ಯಾಸ್ ಹುಟ್ಟುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಮೂರು ಹೊತ್ತಿನ ಅಡುಗೆ ಆಗುತ್ತಿದ್ದದ್ದು ಆಷಾಢದಲ್ಲಿ ಎರಡು ಹೊತ್ತಿಗೆ ಇಳಿಯಬಹುದು. ಲೆಕ್ಕ ಹಾಕುವಾಗ ಬೇಸಿಗೆಯ ಲೆಕ್ಕ ಹಿಡಿಯಬೇಡಿ.

ಇನ್ನು ಸೌದೆ. ಇದೂ ಯಾವ ಗೂಟಕ್ಕೂ ಕಟ್ಟದೆ ಇರುವುದೇ. ಆದರೆ ಮಳೆಗಾಲದಲ್ಲಿ ಸೌದೆ ಇದೆ ಎನ್ನುವುದು ಬೇರೆ, ಒಣಗಿದ ಸೌದೆ ಇದೆ ಎನ್ನುವುದು ಬೇರೆ. ಆ ಸಂಜೆ ಕೊಟ್ಟಿಗೆಯ ಸೌದೆಗೆ ಬೆಂಕಿ ಹಿಡಿಸಲು ನಾನು ಅರ್ಧ ಬೆಂಕಿಪೊಟ್ಟಣ ಮುಗಿಸಿದೆ. ಕಣ್ಣಲ್ಲಿ ನೀರು, ಅಡುಗೆಮನೆ ತುಂಬಾ ಹೊಗೆ. ಅತ್ತೆ ಬಂದು ಏನೂ ಹೇಳದೆ ಕತ್ತಿ ತೆಗೆದುಕೊಂಡು ಒಂದು ಕೊರಡನ್ನು ನಿಲ್ಲಿಸಿ ಸೀಳಿದರು. ಮೇಲೆ ಕಪ್ಪಾಗಿ ನೆನೆದಿದ್ದ ಕೊರಡು ಒಳಗೆ ಬೆಳ್ಳಗೆ ಒಣಗಿತ್ತು. ಅದರಿಂದ ಬೆರಳು ದಪ್ಪದ ಚಕ್ಕೆ ತೆಗೆದರು. ಕೆಳಗೆ ಒಣ ಅಡಿಕೆ ಸಿಪ್ಪೆ, ಅದರ ಮೇಲೆ ಒಂದು ತೆಂಗಿನ ಗರಟೆ, ಅದರ ಮೇಲೆ ಚಕ್ಕೆ. ಒಂದೇ ಕಡ್ಡಿ ಗೀರಿದರು. ಊದುಗೊಳವೆಯಲ್ಲಿ ಎರಡು ಸಲ ಊದಿದರು. ಗರಟೆ ಚಟಪಟ ಎಂದು ಹತ್ತಿಕೊಂಡಿತು. ನೆನೆದ ಸಿಪ್ಪೆಸೌದೆಯನ್ನು ಒಲೆಯ ಅಂಚಿಗೆ ಒರಗಿಸಿಟ್ಟರು, ರಾತ್ರಿಯ ಹೊತ್ತಿಗೆ ಅದೂ ಒಣಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಟ್ಟುವ ಹಳೆಯ ಪದ್ಧತಿಗೆ ಇದೇ ಕಾರಣ. ಅಲ್ಲಿ ದಿನಾ ಹೊಗೆ ತಾಗಿ ಸೌದೆ ಗರಿಗರಿಯಾಗಿ ಇರುತ್ತದೆ.

ಈಗ ನಮ್ಮಲ್ಲಿ ಹೀಗೆ ಮಾಡಿದ್ದೇವೆ. ದಿನದ ಅಡುಗೆಗೆ ಗ್ಯಾಸ್, ಎರಡನೆಯದು ಸದಾ ತುಂಬಿದ್ದು, ಸ್ನಾನದ ನೀರಿಗೆ ಸೌದೆ ಒಲೆ. ಒಲೆ ದಿನಾ ಉರಿಯುವುದರಿಂದ ಸೌದೆಯೂ ಒಣಗಿರುತ್ತದೆ, ಬೆಂಕಿ ಹಾಕುವ ಕೈಯೂ ಮರೆಯುವುದಿಲ್ಲ.

ಒಂದು ಮಾತು ದಯವಿಟ್ಟು ಕೇಳಿ. ಚಳಿ ಎಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಬೇಡಿ. ಜನರೇಟರನ್ನು ಮಳೆಗೆ ನೆನೆಯುತ್ತದೆ ಎಂದು ಮನೆಯೊಳಗೆ ಇಟ್ಟು ಓಡಿಸಬೇಡಿ. ಎರಡರಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಗ್ಯಾಸ್ ಸೋರುವ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಬೆಳಕಿಗೆ

ಇನ್ವರ್ಟರ್ ಒಂದು ದಿನದ ಕಷ್ಟಕ್ಕೆ ಒಳ್ಳೆಯದು. ಆರು ದಿನದ ಕಷ್ಟಕ್ಕೆ ಅದನ್ನು ಬೇರೆ ರೀತಿ ಬಳಸಬೇಕು. 150 ಆ್ಯಂಪಿಯರ್ ಅವರ್‌ನ ಬ್ಯಾಟರಿ ಚೆನ್ನಾಗಿದ್ದರೆ, ಫ್ಯಾನು, ಟಿವಿ ಏನೂ ಹಾಕದೆ 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬನ್ನು ಸಂಜೆ ನಾಲ್ಕು ಗಂಟೆ ಮಾತ್ರ ಉರಿಸಿ, ಉಳಿದ ಹೊತ್ತು ಇನ್ವರ್ಟರಿನ ಸ್ವಿಚ್ಚನ್ನೇ ಆಫ್ ಮಾಡಿದರೆ, ನಾಲ್ಕೈದು ದಿನ ಎಳೆಯಬಹುದು. ಸ್ವಿಚ್ ಆಫ್ ಮಾಡುವುದು ಯಾಕೆ ಎಂದರೆ, ಬಲ್ಬ್ ಉರಿಯದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಮೊದಲ ದಿನವೇ ಕರೆಂಟ್ ಈಗ ಬರುತ್ತದೆ, ಆಗ ಬರುತ್ತದೆ ಎಂದು ಎಲ್ಲ ದೀಪ ಹಾಕಿಕೊಂಡು ಕೂತರೆ ಮರುದಿನ ಕತ್ತಲೆ.

ಸೋಲಾರ್ ದೀಪದ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಬಯಲುಸೀಮೆಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತನ್ನಿ. ನಮ್ಮ ಕಡೆ ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಇಡೀ ದಿನ ಅಂಗಳದಲ್ಲಿಟ್ಟರೂ ಅರ್ಧಂಬರ್ಧ ಚಾರ್ಜ್ ಆಗುತ್ತದೆ. ಅದಕ್ಕಿಂತ ಸೆಲ್ ಹಾಕುವ ಹಳೆಯ ಟಾರ್ಚ್ ವಾಸಿ. ಸೆಲ್ಲನ್ನು ಟಾರ್ಚಿನಿಂದ ತೆಗೆದು ಬೇರೆ ಇಟ್ಟರೆ ತುಕ್ಕು ಹಿಡಿಯುವುದಿಲ್ಲ. ತಲೆಗೆ ಕಟ್ಟುವ ದೀಪ ಒಂದಿದ್ದರೆ ರಾತ್ರಿ ಕೊಟ್ಟಿಗೆಗೆ ಹೋಗುವಾಗ ಎರಡು ಕೈಯೂ ಖಾಲಿ ಇರುತ್ತವೆ.

ಮೊಂಬತ್ತಿ ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹಚ್ಚಿಟ್ಟು ನಿದ್ದೆ ಹೋದರೆ ಮನೆಯೇ ಹೋಗುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಬೇಡ. ಕಂದೀಲಿಗೆ ಸೀಮೆಎಣ್ಣೆ ಈಗ ಮೊದಲಿನ ಹಾಗೆ ಸಿಗುವುದಿಲ್ಲ.

ನೀರಿಗೆ

ಸುತ್ತಲೂ ನೀರೋ ನೀರು, ಕುಡಿಯಲು ಇಲ್ಲ. ಮಳೆಗಾಲದಲ್ಲಿ ಇದು ನಿಜವಾಗಿ ಆಗುತ್ತದೆ. ಕರೆಂಟ್ ಇಲ್ಲದಿದ್ದರೆ ಕೊಳವೆಬಾವಿಯ ಮೋಟಾರ್ ಇಲ್ಲ. ತೆರೆದ ಬಾವಿ ಇದ್ದವರು ರಾಟೆ ಮತ್ತು ಹಗ್ಗವನ್ನು ಎಸೆಯದೆ ಇಟ್ಟುಕೊಂಡಿದ್ದರೆ ಗೆದ್ದರು. ನಮ್ಮಲ್ಲಿ ತುಂಬಾ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ, ಕರೆಂಟ್ ಬೇಡ. ಜೋರು ಮಳೆಗೆ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ. ಆಗ ಹಳ್ಳ ದಾಟಿ ಬಿಡಿಸಲು ಹೋಗಬೇಡಿ. ಮಳೆ ಇಳಿಯಲಿ. ಅಲ್ಲಿಯವರೆಗೆ ಸೂರಿನ ನೀರು ಹಿಡಿದರೆ ಪಾತ್ರೆ, ಬಟ್ಟೆ, ದನಕ್ಕೆ ಸಾಕು.

ಕುಡಿಯುವ ನೀರು ಶುದ್ಧ ಮಾಡಲು ನಾಲ್ಕು ದಾರಿ. ಆರ್‌ಒ, ಯುವಿ ಯಂತ್ರ ಕರೆಂಟ್ ಇದ್ದರೆ ಮಾತ್ರ. ಕ್ಯಾಂಡಲ್ ಫಿಲ್ಟರ್ ಕಸ, ಕೆಸರು ತೆಗೆಯುತ್ತದೆ, ವೈರಸ್ ತಡೆಯುವುದಿಲ್ಲ. ಕ್ಲೋರಿನ್ ಮಾತ್ರೆ ಹಗುರ, ಸೌದೆ ಉಳಿಸುತ್ತದೆ, ಹಾಕಿ ಅರ್ಧ ಗಂಟೆ ಕಾಯಬೇಕು. ಆದರೆ ಕೆಂಪು ನೀರಿಗೆ ನೇರವಾಗಿ ಹಾಕಿದರೆ ಅದರ ಶಕ್ತಿ ಕೆಸರಿಗೇ ಖರ್ಚಾಗುತ್ತದೆ. ಮೊದಲು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಆಮೇಲೆ ಹಾಕಿ. ಕುದಿಸುವುದು ಎಲ್ಲಕ್ಕಿಂತ ನಂಬಿಕೆಯದ್ದು. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಅರ್ಧ ಗಂಟೆ ಕುದಿಸಿ ಸೌದೆ ಸುಡಬೇಕಿಲ್ಲ. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಹಿಡಿಯಿರಿ.

ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಬಂದ ಕಷ್ಟ ಇದಕ್ಕೆ ಉಲ್ಟಾ. 2024ರ ಮಾರ್ಚ್‌ನಲ್ಲಿ ಅಲ್ಲಿ ಕರೆಂಟ್ ಇತ್ತು, ರಸ್ತೆ ಇತ್ತು, ನೀರೇ ಇರಲಿಲ್ಲ. ಊರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಅವರ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ಇದೆ ಎಂದು ನಂಬಿದ್ದರು. ಟ್ಯಾಂಕರಿಗೆ ನೀರು ಬರುವುದೂ ಬೋರ್‌ವೆಲ್‌ನಿಂದಲೇ ಅಲ್ವಾ? ಎರಡೂ ಒಂದೇ ಗೂಟ. ಅಂಥ ಕಡೆ ಕಾವೇರಿ ನೀರಿನ ಸಂಪರ್ಕ ಸಿಗುವುದಾದರೆ ಅದು ಬೇರೆ ಗೂಟ, ಮಳೆ ನೀರಿನ ತೊಟ್ಟಿ ಇನ್ನೊಂದು ಗೂಟ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 20 ಮಿಲಿಮೀಟರಿನ ಒಂದು ಮಳೆ ಬಂದರೆ 2,000 ಲೀಟರ್. ಸುಮ್ನೆ ಚರಂಡಿಗೆ ಹೋಗುವ ನೀರದು.

ಊಟಕ್ಕೆ

ಇಲ್ಲಿ ಪೇಟೆಯ ಪಟ್ಟಿಗಿಂತ ಅಜ್ಜಿಯಂದಿರ ಪಟ್ಟಿ ಗಟ್ಟಿ. ಬ್ರೆಡ್ ನಮ್ಮ ತೇವಕ್ಕೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ನೂಡಲ್ಸ್ ಹೊಟ್ಟೆ ತುಂಬಿಸುತ್ತದೆ, ಅದಕ್ಕೂ ಬೆಂಕಿ, ನೀರು ಬೇಕು. ಅವಲಕ್ಕಿಗೆ ಎರಡೂ ಹೆಚ್ಚು ಬೇಡ. ತೊಳೆದು, ಕಾಯಿತುರಿ, ಬೆಲ್ಲ ಹಾಕಿದರೆ ಊಟವೇ ಆಯಿತು. ಬೆಂಕಿ ಇಲ್ಲದ ಹೊತ್ತಿಗೆ ನಾಲ್ಕು ಜನಕ್ಕೆ ಎರಡು ಕೆಜಿ ಗಟ್ಟಿ ಅವಲಕ್ಕಿ ಡಬ್ಬದಲ್ಲಿ ಇರಲಿ.

ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಪಾತ್ರೆ ಇಳಿಸಿ, ಹಳೇ ಕಂಬಳಿಯಲ್ಲಿ ಸುತ್ತಿ ಇಟ್ಟರೆ ಅದರ ಕಾವಿಗೇ ಬೇಯುತ್ತದೆ. ಗ್ಯಾಸ್ ತುಂಬಾ ಉಳಿಯುತ್ತದೆ. ತೊಗರಿಬೇಳೆಗಿಂತ ಹೆಸರುಬೇಳೆ ಬೇಗ ಬೇಯುವುದರಿಂದ ಕಷ್ಟದ ದಿನಕ್ಕೆ ಅದು ಮೇಲು. ತರಕಾರಿಗೆ ಫ್ರಿಜ್ ನೆಚ್ಚಬೇಡಿ. ಮಂಗಳೂರು ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂದುಗುಂಬಳ, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ, ಮಿಡಿ ಉಪ್ಪಿನಕಾಯಿ, ಹಪ್ಪಳ, ಹುರುಳಿ. ಇವೆಲ್ಲ ರುಚಿಗೆ ಮಾತ್ರ ಹುಟ್ಟಿದ್ದಲ್ಲ. ಮೂರು ತಿಂಗಳು ಸಂತೆಗೆ ಹೋಗಲಾಗದ ಕಾಲದ ದಾಸ್ತಾನು ಅವು. ಸಣ್ಣ ಮಗು ಇರುವ ಮನೆಯಲ್ಲಿ ಹಾಲಿನ ಪುಡಿ ಒಂದು ಡಬ್ಬ ಜಾಸ್ತಿ ಇರಲಿ.

ಹಾಗೆಂದು ಅಂಗಡಿ ಖಾಲಿ ಮಾಡಿಕೊಂಡು ಬರಬೇಡಿ. ಹತ್ತು ದಿನದ್ದು ಸಾಕು. ನೀವು ಮೂರು ಚೀಲ ಅಕ್ಕಿ ತಂದರೆ ದಿನಗೂಲಿಯವರು ಶನಿವಾರ ಬಟವಾಡೆ ತೆಗೆದುಕೊಂಡು ಬರುವ ಹೊತ್ತಿಗೆ ಅಂಗಡಿಯಲ್ಲಿ ಏನೂ ಇರುವುದಿಲ್ಲ.

ಔಷಧಿ

ಇದರಲ್ಲಿ ಅಗ್ಗ, ತುಟ್ಟಿ ಎಂದು ನೋಡಬೇಡಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವಾಗಲೂ ಒಂದು ತಿಂಗಳದ್ದು ಮುಂದೆ ಇರಬೇಕು.

ನಮಗೆ ಹೆಚ್ಚು ಹೆದರಿಕೆಯಾದದ್ದು ಅತ್ತೆಯ ಇನ್ಸುಲಿನ್ ಬಗ್ಗೆ. ಎರಡನೇ ದಿನ ಫ್ರಿಜ್ ಬಾಗಿಲು ತೆರೆದರೆ ಒಳಗೆ ತಂಪೇ ಇಲ್ಲ. ಯಾರೋ ಮಣ್ಣಿನ ಮಡಕೆಯಲ್ಲಿ ಇಡಿ ಎಂದರು. ಮಡಕೆ ತಂಪಾಗುವುದು ಅದರ ಮೈಯಿಂದ ನೀರು ಆರುವುದರಿಂದ. ಬಿಜಾಪುರದ ಬೇಸಿಗೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ಹಾಗಾಗಿ ಹೆಚ್ಚು ಉಪಯೋಗವಿಲ್ಲ. ಆದರೆ ಆ ದಿನಗಳಲ್ಲಿ ಕೋಣೆಯೇ ತಂಪು. ಬಳಸಲು ಶುರು ಮಾಡಿದ ಇನ್ಸುಲಿನ್ ಬಾಟಲಿ ಬಿಸಿಲು, ಒಲೆಯ ಕಾವು ತಾಗದ ತಂಪು ಕೋಣೆಯಲ್ಲಿ ಸಾಮಾನ್ಯವಾಗಿ 28 ದಿನ ಚೆನ್ನಾಗಿರುತ್ತದೆ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ ನಿಂತು ಹೊರಗೆ ಬಂದ ಬಾಟಲಿಗೆ ಅದೇ ದಿನದಿಂದ ಲೆಕ್ಕ ಶುರು, ಮೇಲೆ ತಾರೀಕು ಬರೆದಿಡಿ. ನಿಮ್ಮ ಇನ್ಸುಲಿನ್ ಯಾವ ಥರದ್ದು, ಎಷ್ಟು ದಿನ ತಡೆಯುತ್ತದೆ ಎಂದು ಮಳೆಗೆ ಮೊದಲೇ ಡಾಕ್ಟರನ್ನು ಕೇಳಿ. ಐಸ್‌ಗೆ ತಾಗಿಸಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಫೋನು ಮತ್ತು ದುಡ್ಡು

10,000 ಎಂಎಎಚ್ ಪವರ್ ಬ್ಯಾಂಕ್ ಈಗಿನ ಫೋನನ್ನು ಸುಮಾರು ಒಂದು ಸಲ ಪೂರ್ತಿ ತುಂಬಿಸುತ್ತದೆ, ಮೇಲೆ ಸ್ವಲ್ಪ ಉಳಿಯುತ್ತದೆ. 20,000ದ್ದು ಅದರ ಎರಡರಷ್ಟು. ಎರಡೂ ಕೊನೆಗೆ ತಂತಿಯಿಂದಲೇ ತುಂಬಬೇಕು. ಕಾರು, ಜೀಪು ಇದ್ದವರಿಗೆ ಅದರ ಚಾರ್ಜರ್ ಬೇರೆ ಗೂಟ. ಮಾತಾಡಲು ಮಾತ್ರ ಇರುವ ಕೀಪ್ಯಾಡ್ ಫೋನ್ ಒಂದು ಮನೆಯಲ್ಲಿ ಇದ್ದರೆ ಹಲವು ದಿನ ಚಾರ್ಜ್ ನಿಲ್ಲುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗಬಹುದು. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಈಗಿನ ಫೈಬರ್ ಹಾಗಲ್ಲ, ಮನೆಯ ಪೆಟ್ಟಿಗೆಗೆ ಕರೆಂಟ್ ಬೇಕು. ಅದಕ್ಕೊಂದು ಸಣ್ಣ ಯುಪಿಎಸ್ ಹಾಕಿದರೆ, ಕೇಬಲ್ ತುಂಡಾಗದಿದ್ದರೆ, ಟವರ್ ಸತ್ತಾಗಲೂ ವೈಫೈ ಮೂಲಕ ಮಾತಾಡಬಹುದು. ಹವಾಮಾನದ ಸುದ್ದಿಗೆ ಸೆಲ್ ಹಾಕುವ ರೇಡಿಯೋ ಇರಲಿ. ನಮ್ಮ ಕಡೆಯವರಿಗೆ ಮಡಿಕೇರಿ, ಭದ್ರಾವತಿ, ಮಂಗಳೂರು ಆಕಾಶವಾಣಿ ಇವೆ.

ದುಡ್ಡಿನ ವಿಷಯ ಸುಲಭ. ಟವರ್ ಇಲ್ಲದಿದ್ದರೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಹತ್ತು, ಇಪ್ಪತ್ತು, ನೂರರ ನೋಟಿನಲ್ಲಿ ಹತ್ತು ದಿನದ ಖರ್ಚು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಐನೂರಕ್ಕೆ ಆಗ ಯಾರ ಹತ್ತಿರವೂ ಚಿಲ್ಲರೆ ಇರುವುದಿಲ್ಲ.

ಮನೆಯಲ್ಲೇ ಇರುವುದೋ, ಹೊರಡುವುದೋ

ಇಲ್ಲಿಯವರೆಗೆ ಬರೆದದ್ದೆಲ್ಲ ಮನೆ ಗಟ್ಟಿಯಾಗಿ ನಿಂತಿದ್ದರೆ ಮಾತ್ರ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡವೇ ಇಳಿದು ಬಂತು. ಅಟ್ಟದ ಸೌದೆ, ಡಬ್ಬದ ಅವಲಕ್ಕಿ ಯಾವುದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಹವಾಮಾನ ಇಲಾಖೆಯ ಬಣ್ಣಗಳ ಲೆಕ್ಕ ಹೀಗಿದೆ. ಹಳದಿ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಸೂಚನೆ. ಆರೆಂಜ್ ಎಂದರೆ 204.4ರವರೆಗೆ, ಕೆಂಪು ಅದಕ್ಕೂ ಮೇಲೆ. ಬಯಲು ಜಾಗದ ಮನೆಯವರು ಕೆಂಪಿಗೂ ಒಳಗೇ ಇರಬಹುದು. ಹಿಂದೆ ಕಡಿದು ನೇರ ಮಾಡಿದ ಧರೆ ಇರುವ ಮನೆ, ಹಳ್ಳದ ಅಂಚಿನ ಮನೆ ಹಾಗಲ್ಲ. ಅವರು ಬಣ್ಣಕ್ಕಿಂತ ನೆಲ ನೋಡಬೇಕು. ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು ಬಿಟ್ಟಿದೆಯೇ? ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾಗಿದೆಯೇ? ಜೋರು ಮಳೆಯಲ್ಲೂ ಹಳ್ಳದ ನೀರು ಕಡಿಮೆಯಾಗಿದೆಯೇ? ಮರ, ಕಂಬ ವಾಲಿದೆಯೇ? ನಿನ್ನೆವರೆಗೆ ಸರಿಯಾಗಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಎಲ್ಲಿಗೆ ಹೋಗುವುದು? ನೆಂಟರ ಮನೆ ಹಿತ, ಆದರೆ ಅಲ್ಲಿಗೆ ಹೋಗುವ ದಾರಿ ಘಾಟಿಯದ್ದೋ, ಸೇತುವೆಯದ್ದೋ ಆಗಿದ್ದರೆ ಬೇಡ. ಹತ್ತಿರದ ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರಕ್ಕೆ ನಡೆದು ಹೋಗಬಹುದು ಎಂದಾದರೆ ಅದೇ ಸರಿ. ಅಲ್ಲಿಗೆ ಹೋಗಲು ನಾಚಿಕೆ ಪಡುವವರನ್ನು ನೋಡಿದ್ದೇನೆ. ಯಾಕೆ ನಾಚಿಕೆ? ಜೀವ ದೊಡ್ಡದಲ್ವಾ? ಜಿಲ್ಲೆಯ ಕಂಟ್ರೋಲ್ ರೂಮಿನ ನಂಬರ್ 1077, ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108. ಈ ಮೂರನ್ನು ಫೋನಿನಲ್ಲಿ ಮಾತ್ರ ಅಲ್ಲ, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ.

ಚೀಲದಲ್ಲಿ ಹೋಗಬೇಕಾದದ್ದು ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಬುಕ್, ಔಷಧಿ, ಟಾರ್ಚ್, ಒಂದು ಜೊತೆ ಒಣ ಬಟ್ಟೆ. ಜೂನ್ ಒಂದರಂದೇ ಕಟ್ಟಿ ಬಾಗಿಲ ಮೊಳೆಗೆ ನೇತುಹಾಕಿ. ಮೇನ್ ಸ್ವಿಚ್ ಇಳಿಸಿ, ಸಿಲಿಂಡರ್ ಮುಚ್ಚಿ. ಆಮೇಲೆ ಕೊಟ್ಟಿಗೆಗೆ ಹೋಗಿ. ದನಗಳನ್ನು ಹೊಡೆದುಕೊಂಡು ಹೋಗಲು ಆಗದಿದ್ದರೂ ಕಟ್ಟಿ ಹಾಕಿ ಮಾತ್ರ ಹೋಗಬೇಡಿ. ಕೊರಳಿನ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಹೊರಡಿ. ಎತ್ತರದ ಜಾಗ ಯಾವುದೆಂದು ಅವಕ್ಕೆ ಗೊತ್ತು.